ಸಸ್ಪೆಂಡಾದ ಹಡಗು

ಅನಂತ ನೌಕರಿ ಮಾಡುವ ಹಡಗು ದುರಸ್ತಿಗೆಂದು ಮುಂಬಯಿಯಲ್ಲಿ ನಿಂತಿತ್ತು. ಅನಂತ ಅಫಜಲಪುರದಲ್ಲಿ ಮನೆಯ ಕಟ್ಟೆಯ ಮೇಲೆ ಕೂತಿದ್ದ. ತೊಂದರೆ ಶುರುವಾದದ್ದೇ ಅಲ್ಲಿ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಗಂಡಸೊಬ್ಬ ಮೂರು ವಾರ ಮನೆಯಲ್ಲಿ ಕೂತರೆ ಸಾವಿರದ ಒಂಬೈನೂರ ಎಂಬತ್ತೈದರ ಆ ಊರಿನಲ್ಲಿ ಅದಕ್ಕೆ ಒಂದೇ ಅರ್ಥ.

ಬೆಳಿಗ್ಗೆ ಹಾಲು ಹಾಕುತ್ತ ಪ್ಯಾರಿಬಿ ದನಿ ತಗ್ಗಿಸಿದಳು. “ಬಾಯಾರ, ಸಾಹೇಬ್ರು ಸಸ್ಪೆಂಡ್ ಆಗ್ಯಾರಂತಲ್ರಿ?”

“ಯಾರಂದ್ರು ನಿನಗ?” ಅನಂತನ ಹೆಂಡತಿ ಪ್ರಮಿಲಾ ಪಾತ್ರೆ ಕುಕ್ಕಿದಳು. “ಹಡಗ ರಿಪೇರಿ ಮಾಡಾಕತ್ತಾರ. ನೀರಿನಿಂದ ಮ್ಯಾಲ ಎತ್ತಿ ಇಟ್ಟಾರ.”

“ಹಡಗ ನೀರಿನಿಂದ ಎತ್ತತಾರ?” ಪ್ಯಾರಿಬಿ ಕರುಣೆಯಿಂದ ನಕ್ಕು ಅರ್ಧ ಪಾವು ಹೆಚ್ಚಿಗೆ ಹಾಕಿದಳು.

ಆ ಹೆಚ್ಚಿನ ಹಾಲೇ ಪ್ರಮಿಲಾಳಿಗೆ ಚುಚ್ಚಿತು. ಅಂದು ಸಂಜೆ ನಾದಿನಿ ವತ್ಸಲಾಳನ್ನು ನೋಡಲು ಜೇವರ್ಗಿಯಿಂದ ಗಂಡಿನ ತಂದೆ ಶ್ರೀಪಾದರಾಯರು ಬರುವವರಿದ್ದರು. ನಾಲ್ಕು ಸಂಬಂಧ ಯಾಕೋ ಏನೋ ತಪ್ಪಿ ಹೋಗಿದ್ದವು. ಈ ಹುಡುಗನ ಫೋಟೋವನ್ನು ವತ್ಸಲಾ ಅಕ್ಕಿಡಬ್ಬಿಯಲ್ಲಿ ಬಚ್ಚಿಟ್ಟದ್ದನ್ನು ಪ್ರಮಿಲಾ ನೋಡಿದ್ದಳು.

ಹತ್ತಕ್ಕೆ ಟೇಲರ್ ಅಬ್ದುಲ್ ಗನಿ ಜಂಪರ್ ಕೊಡಲು ಬಂದವನು, “ಗುಲ್ಬರ್ಗಾದಾಗ ನಮ್ಮ ವಕೀಲ ಒಬ್ಬಾಂವ ಇದ್ದಾನ್ರಿ. ಸಸ್ಪೆಂಡ್ ಕೇಸ್‌ದಾಗ ಭಾಳ ಹುಷಾರ” ಎಂದ.

ಪ್ರಮಿಲಾ ನೇರ ಕಟ್ಟೆಗೆ ಬಂದಳು. “ನೋಡ್ರಿ, ಬೀಗರ ಮುಂದ ಹಡಗಿನ ಸುದ್ದಿನೇ ತೆಗೀರಿ. ನಿಮ್ಮ ನೌಕರಿ ಅದ ಅಂತ ಅವರಿಗೆ ಖಾತ್ರಿ ಆಗಬೇಕು.”

“ಎಷ್ಟೊತ್ತು ಹೇಳ್ಲಿ?”

“ಅವರು ಸಾಕು ಅನ್ನೋತನಕ.”

ಅವನು ಹಡಗಿನ ಮಾತೆತ್ತಿದರೆ ಮನೆಮಂದಿ ಎದ್ದು ಹೋಗುತ್ತಿದ್ದರು; ಮದುವೆಯಾಗಿ ಆರು ವರ್ಷದಲ್ಲಿ ಯಾರೂ ಅವನಿಗೆ ಹಾಗೆ ಹೇಳಿರಲಿಲ್ಲ.

ಶ್ರೀಪಾದರಾಯರು ಬಂದರು, ಚುರುಮುರಿಯ ಸುಸಲಾ ತಿಂದರು, ಹುಡುಗಿಯನ್ನು ಮೆಚ್ಚಿದರು. ಸಂಬಂಧ ತಂದಿದ್ದ ಪಕ್ಕದ ಮನೆಯ ಉಮಾಬಾಯಿ ಮುಖ ಅರಳಿಸಿ ಕೂತಿದ್ದಳು.

“ಅನಂತರಾಯರ, ಇನ್ನ ಮ್ಯಾಲ ಊರಾಗೇ ಇರ್ತೀರಲ್ರಿ?” ಶ್ರೀಪಾದರಾಯರು ಕೇಳಿದರು.

“ಇರ್ತಾನ್ರಿ, ಎಲ್ಲಿ ಹೋಗ್ತಾನ!” ಎಂದಳು ಉಮಾಬಾಯಿ ಅವಸರದಿಂದ. ಪ್ರಮಿಲಾ ಬಾಗಿಲ ಹಿಂದಿನಿಂದ ಬಳೆ ಸದ್ದು ಮಾಡಿದಳು.

“ಇಲ್ರಿ! ಹದಿನೈದು ದಿನಕ್ಕ ಹಡಗ ನೀರಿಗಿಳೀತದ,” ಅನಂತ ಶುರು ಮಾಡಿದ. “ಹಿಂದೊಮ್ಮೆ ಜರ್ಮನಿ ಹ್ಯಾಂಬರ್ಗ್‌ದಾಗ ಹಿಂಗ ಎರಡು ತಿಂಗಳ ದುರಸ್ತಿ ನಡೀತು. ಒಬ್ಬಾಕಿ ಮುದುಕಿ ಮನ್ಯಾಗ ಖೋಲಿ ಹಿಡಿದಿದ್ದೆ. ದಂಡಿ ಮ್ಯಾಲ ನಿದ್ದಿ ಬರವಲ್ದು! ಹಡಗಿನಂಗ ಮಂಚ ಅಲುಗವಲ್ದಲ್ರಿ. ಕಡೀಕ ಮಂಚದ ಒಂದು ಕಾಲು ಅರ್ಧ ಇಂಚು ಕೊಯ್ದೆ. ಆಮ್ಯಾಲ ತೊಟ್ಟಿಲ ಕೂಸಿನಂಗ ನಿದ್ದಿ! ಕಟಕಟ ಸಪ್ಪಳ ಕೇಳಿ, ಇಲಿ ಅಂತ ಮುದುಕಿ ಬೆಕ್ಕು ತಂದ್ಲು.”

ತಮ್ಮ ಮನೆಯ ಮಂಚ ಯಾಕೆ ಕುಂಟುತ್ತದೆಂದು ಬಾಗಿಲ ಹಿಂದೆ ಪ್ರಮಿಲಾಳಿಗೆ ಅಂದು ತಿಳಿಯಿತು. ಮೂರು ಸಲ ಬಡಿಗನನ್ನು ಕರೆಸಿದ್ದಳು. ನಗು ಬಂತು, ಅದರ ಹಿಂದೆಯೇ ಎದೆಯೊಳಗೆ ಏನೋ ಒಂದು ಸಣ್ಣಗೆ ಕುಂಟಿತು. ಈ ಮನುಷ್ಯ ತನ್ನ ಪಕ್ಕದಲ್ಲಿ ಮಲಗಿಯೂ ಸಮುದ್ರದ ಮೇಲೆಯೇ ಇದ್ದ.

“ಆ ಮುದುಕಿ ಮಗಳ ಮದುವಿಗೆ ಭಾಳ ಕರದ್ರು. ನಾ ಹೋಗ್ಲಿಲ್ರಿ! ಬಂದರಕ್ಕ ಹೋಗಿ ಹಡಗಿನ ಮುಂದ ಕೂತೆ. ಹಡಗು ಬಿಟ್ರ ನನಗ ಯಾವ ಹಬ್ಬನೂ ಬ್ಯಾಡ, ಯಾವ ಮದುವಿನೂ ಬ್ಯಾಡ ನೋಡ್ರಿ.”

ಶ್ರೀಪಾದರಾಯರು ಚಹಾದ ಬಟ್ಟಲು ಕೆಳಗಿಟ್ಟರು. “ಹಂಗಾದ್ರ ಪಂಚಮಿಗೆ ತಂಗೀನ್ನ ತವರಿಗೆ ಕರಿಯಾಕ ಯಾರು ಬರ್ತಾರ್ರಿ?”

“ಪಂಚಮಿಗಾ? ಆವಾಗ ಬ್ರೆಜಿಲ್ ಕಡೆ ಇರ್ತೇನ್ರಿ.”

“ತಪ್ಪು ತಿಳೀಬ್ಯಾಡ್ರಿ. ನೀವು ಸಸ್ಪೆಂಡ್ ಆಗೀರಂತ ಕೇಳೇ ನಾವು ಬಂದದ್ದು. ತಂದಿ ಇಲ್ಲದ ಹುಡುಗಿ, ಅಣ್ಣ ಮನ್ಯಾಗಿರ್ತಾನ, ಹಬ್ಬಕ್ಕ ಕರೀತಾನ, ಬಾಣಂತನ ಮಾಡಸ್ತಾನ ಅಂತ. ನೀರಿನ ಮ್ಯಾಲಿನ ಬೀಗರ್ನ ಎಲ್ಲಿ ಹುಡುಕೂಣ್ರಿ?” ಎಂದವರೇ ಐದೂವರೆಯ ಬಸ್ಸಿಗೆ ಎದ್ದರು.

ಉಮಾಬಾಯಿ ಒಳಗೆ ನುಗ್ಗಿದಳು. “ಎಲ್ಲಾ ಮಣ್ಣು ಮಾಡಿದ್ರಲ್ಲ ಗಂಡ ಹೆಂಡ್ತಿ ಕೂಡಿ! ಆ ನಾಲ್ಕೂ ಮಂದಿ ಹಡಗು ಅಂದ ಕೂಡ್ಲೇ ಓಡಿ ಹೋಗಿದ್ರು. ಅದಕ್ಕಂತನ ಓಣಿ ತುಂಬ ಸಸ್ಪೆಂಡ್ ಅಂತ ನಾನೇ ಹಬ್ಬಿಸಿದ್ದೆ!”

“ನನಗೊಂದು ಮಾತು ಹೇಳಬಾರದಿತ್ತೇನ್ರಿ ಕಾಕು?” ಎಂದಳು ಪ್ರಮಿಲಾ.

“ಹೇಳಿದ್ರ ನಿನ್ನ ಮುಖದ ಮ್ಯಾಲ ದುಃಖ ಹ್ಯಾಂಗ ಬರ್ತಿತ್ತ ಬೇ?” ಉಮಾಬಾಯಿ ಉಳಿದ ಸುಸಲಾದ ತಟ್ಟೆ ಎಳೆದುಕೊಂಡಳು. “ಹೋಗ್ಲಿ ಬಿಡು. ಸೋಮವಾರ ಆಳಂದದವರು ಬರ್ತಾರ. ಅವರಿಗೆ ಬ್ಯಾರೆ ಹೇಳೇನಿ. ನಿನ್ನ ಗಂಡ ಮೌನವ್ರತ ಹಿಡದಾನ, ಮುಗಿಯೋತನಕ ಊರ ಬಿಡಂಗಿಲ್ಲ ಅಂತ.”

“ಎಷ್ಟು ದಿನದ ವ್ರತಾರಿ?”

“ಹನ್ನೆರಡು ವರ್ಷದ್ದು.”