ಸಾಹೇಬನ ಜಾಗ

ಎಲ್ಲ ಫಜೀತಿಗೂ ಮೂಲ ಕೋಚಿಂಗ್ ಮೇಷ್ಟ್ರು ಕೊಟ್ಟ ಮನೆಪಾಠ.

ನಮ್ಮ ನಾಯಕನಿಗೆ ಕಟ್ಟಡದವರೆಲ್ಲ ಸೇರಿ ಇಟ್ಟ ಹೆಸರು ಸಾಹೇಬ. ಸಾಹೇಬನಾಗಿದ್ದಾನೆಂದಲ್ಲ, ಆಗುತ್ತೇನೆಂದು ವರ್ಷಗಳಿಂದ ಹೇಳುತ್ತಿದ್ದಾನೆಂದು. ಸಿವಿಲ್ ಸರ್ವಿಸ್ ಪರೀಕ್ಷೆಗೆ ಸಮಾಜಶಾಸ್ತ್ರ ತೆಗೆದುಕೊಂಡಿದ್ದ. "ಅದರಲ್ಲಿ ಓದೋಕೇನಿದೆ? ನಾವೆಲ್ಲ ಸಮಾಜದಲ್ಲೇ ಇದೀವಲ್ಲ!" ಎಂದು ಯಾರೋ ಪುಣ್ಯಾತ್ಮರು ಹೇಳಿದ್ದರು. ಆ ಪುಣ್ಯಾತ್ಮರು ಈಗ ಕೈಗೆ ಸಿಕ್ಕಿದರೆ ಸಾಹೇಬ ತನ್ನ ಪುಸ್ತಕಗಳನ್ನೆಲ್ಲ ಅವರ ಮೇಲೆ ಎಸೆಯುವವನೇ. ದಪ್ಪದ್ದು ಮೊದಲು.

ಈ ಸಲದ್ದೇ ಕೊನೆಯ ಅವಕಾಶ, ಆಮೇಲೆ ವಯಸ್ಸು ಮೀರುತ್ತದೆ. ಆಗದಿದ್ದರೆ ಸೋದರಮಾವನ ಟೈರ್ ಅಂಗಡಿಯಲ್ಲಿ ಕೂರಬೇಕೆಂದು ಅಪ್ಪ ತೀರ್ಪು ಕೊಟ್ಟಾಗಿತ್ತು. ಉಳಿದಿದ್ದ ಆಸೆ ಒಂದೇ, ಮೇಷ್ಟ್ರ ವಿಶೇಷ ತಂಡ. ಅದರಲ್ಲಿ ಸೇರಿದವರನ್ನು ಮೇಷ್ಟ್ರು ದಡ ಮುಟ್ಟಿಸದೆ ಬಿಡುವುದಿಲ್ಲವೆಂಬ ಪ್ರತೀತಿ. ಅಲ್ಲಿ ಖಾಲಿ ಇದ್ದದ್ದು ಒಂದೇ ಸೀಟು.

"ಸ್ಥಾನ ಮತ್ತು ಪಾತ್ರ. ಹೇಳು," ಎಂದರು ಮೇಷ್ಟ್ರು. ಸಾಹೇಬ ಕಣ್ಣು ಮುಚ್ಚಿ ಗಡಗಡನೆ ಒಪ್ಪಿಸಿದ.

"ಬಾಯಿಪಾಠ ಚೆನ್ನಾಗಿದೆ. ಅರ್ಥ ಆಗಿದ್ಯಾ?"

"ಆಗಿದೆ ಸಾರ್. ಅಂದ್ರೆ... ಆಗ್ತಾ ಇದೆ."

"ನೋಡಪ್ಪ, ಸಮಾಜಕ್ಕೆ ಬೇಕಿರೋದು ಜಾಗ. ಅಪ್ಪನ ಜಾಗ, ಮಗನ ಜಾಗ, ಅಂಗಡಿಯವನ ಜಾಗ. ಆ ಜಾಗದಲ್ಲಿ ಯಾರು ಕೂತಿದಾರೆ ಅನ್ನೋದು ಆಮೇಲಿನ ಮಾತು. ನಾಳೆ ಒಂದು ದಿನ ನಿಮ್ಮ ಮನೇಲಿ ನೀನು ಮಗ ಅಲ್ಲ, ಗುರುತಿಲ್ಲದ ಅತಿಥಿ. ಎಲ್ರೂ ಹೇಗೆ ಗಾಬರಿ ಬೀಳ್ತಾರೆ ನೋಡು. ನೋಡಿದ್ದನ್ನ ಸಂಜೆ ಬಂದು ಹೇಳು. ಸರಿಯಾಗಿ ಹೇಳಿದೋರಿಗೆ ಸೀಟು."

ಈ ಸುದ್ದಿಯನ್ನು ಸಾಹೇಬ ಬಾಲ್ಕನಿಯಲ್ಲಿ ನಿಂತು ಗೆಳೆಯನಿಗೆ ಫೋನಿನಲ್ಲಿ ಗುಟ್ಟಾಗಿ ಹೇಳಿದ. ಅವನ ಗುಟ್ಟು ಅಕ್ಕಪಕ್ಕದ ಮನೆಗೆಲ್ಲ ಕೇಳಿಸುವಂಥದ್ದು.

ಮಾರನೆಯ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಅಡುಗೆಮನೆಯ ಬಾಗಿಲಲ್ಲಿ ಕೈ ಜೋಡಿಸಿ ನಿಂತ. "ನಮಸ್ಕಾರ. ಒಳಗೆ ಬರಬಹುದಾ?"

ಸೌಟು ಹಾರಿ ಬರುತ್ತದೆಂದು ಒಂದು ಕಣ್ಣು ಮುಚ್ಚಿಯೇ ಇಟ್ಟಿದ್ದ. ಅಮ್ಮ ತಿರುಗಿ ನೋಡಿದಳು. ಸೆರಗು ಸರಿ ಮಾಡಿಕೊಂಡಳು.

"ಬನ್ನಿ, ಕೂತ್ಕೊಳ್ಳಿ. ಕಾಫಿ ತಗೋತೀರಾ?"

ಹುಟ್ಟಿದಾಗಿನಿಂದ ಅಮ್ಮ ಅವನಿಗೆ ಬಹುವಚನ ಹಚ್ಚಿದ್ದಿಲ್ಲ. ಕೋಪ ಬಂದಾಗ ಏಕವಚನವೂ ಸಾಲದೆ ಪ್ರಾಣಿಗಳ ಹೆಸರಿಗೆ ಇಳಿಯುತ್ತಿದ್ದಳು.

ಊಟದ ಮೇಜಿಗೆ ಇದ್ದದ್ದು ಮೂರು ಕುರ್ಚಿ. ನಾಲ್ಕನೆಯದು ಎಲ್ಲಿ ಹೋಯಿತೋ! ಅಪ್ಪ ಪೇಪರ್ ಇಳಿಸದೆಯೇ ಕೇಳಿದರು, "ಯಾರೇ ಬಂದಿರೋದು?"

"ಯಾರೋ ಹುಡುಗ. ಪಾಪ, ಮರ್ಯಾದಸ್ಥನ ತರ ಕಾಣ್ತಾನೆ."

ತಂಗಿ ಹೊಸ ಮುಖ ನೋಡಿದವಳಂತೆ ತಲೆ ತಗ್ಗಿಸಿ ಒಳಗೆ ಹೋದಳು. ಸಾಹೇಬ ನಿಂತೇ ಕಾಫಿ ಕುಡಿದ. ಅತಿಥಿಗಳ ಲೋಟ. ಸಕ್ಕರೆ ಸಹ ಅತಿಥಿಗಳಿಗೆ ಹಾಕುವಷ್ಟು.

"ನಿಮ್ಮನೇಲಿ... ಯಾರ್ಯಾರಿದೀರಿ?" ಎಂದ, ಧೈರ್ಯ ತಂದುಕೊಂಡು.

"ನಾವಿಬ್ರು, ಒಬ್ಬಳು ಮಗಳು," ಎಂದಳು ಅಮ್ಮ. "ಒಬ್ಬ ಮಗನೂ ಇದ್ದ. ನಿಮ್ಮ ವಯಸ್ಸೇ."

"ಇದ್ದ ಅಂದ್ರೆ?"

"ಪರೀಕ್ಷೆಗೆ ಓದ್ತಾ ಓದ್ತಾ ಹಾಗೇ..." ಅಮ್ಮ ಒಲೆಯ ಕಡೆ ತಿರುಗಿಕೊಂಡಳು.

ಸಾಹೇಬ ಲೋಟವನ್ನು ಮೇಜಿನ ಮೇಲಿಟ್ಟ. ಗೋಡೆ ನೋಡಿದ. ಅವನು ಡಿಗ್ರಿ ಸರ್ಟಿಫಿಕೇಟ್ ಹಿಡಿದು ನಿಂತ ಫೋಟೋ ಇದ್ದಲ್ಲಿ ಬಣ್ಣ ಮಾಸದ ಒಂದು ಚೌಕ ಮಾತ್ರ ಇತ್ತು. ಬಚ್ಚಲಲ್ಲಿ ಅವನ ಬ್ರಷ್ ಇಲ್ಲ. ಅವನ ಚಪ್ಪಲಿ ಮನೆಯವರ ಸಾಲಿನಿಂದ ದೂರ, ಬಂದುಹೋಗುವವರು ಬಿಡುವ ಮೂಲೆಯಲ್ಲಿ ಒಂಟಿಯಾಗಿ ಕೂತಿತ್ತು.

'ಗಾಬರಿ ಬೀಳೋರು ಅವರಲ್ವಾ? ನಾನ್ಯಾಕೆ ಬೀಳ್ತಾ ಇದೀನಿ?' ಎಂದುಕೊಂಡು ಹೊರಗೆ ಬಂದ.

ಎದುರುಮನೆ ಆಂಟಿ ಕೈಯಲ್ಲಿ ಬ್ಯಾಗು ಹಿಡಿದು ಏದುಸಿರು ಬಿಡುತ್ತ ಮೆಟ್ಟಿಲು ಹತ್ತುತ್ತಿದ್ದರು. ಇವರಿಗೆ ಹೆದರಿ ಸಾಹೇಬ ಎಷ್ಟೋ ದಿನ ಮೆಟ್ಟಿಲಿಳಿಯದೆ ಕೂತದ್ದುಂಟು. ಎಲ್ಲಿ ಕಂಡರೂ "ಏನೋ ಸಾಹೇಬ, ರಿಸಲ್ಟ್ ಬಂತಾ?" ಎನ್ನುವುದೇ ಅವರ ನಮಸ್ಕಾರ. ಇವತ್ತು ಸಾಹೇಬ ಆ ಮಾತು ಕೇಳಲು ಬಾಯಾರಿದವನಂತೆ ಎದುರಿಗೆ ನಿಂತ. ಆಂಟಿ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು.

"ಆಂಟಿ!"

"ಯಾರು ಬೇಕಿತ್ತು?"

"ನಾನು ಆಂಟಿ! ಕೇಳಿ, ರಿಸಲ್ಟ್ ಬಂತಾ ಅಂತ ಕೇಳಿ!"

"ಯಾವ ರಿಸಲ್ಟು?" ಆಂಟಿಯ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಬೀಗ ತೆಗೆದು, ಒಳಗೆ ನುಗ್ಗಿ, ಚಿಲಕ ಹಾಕಿಕೊಂಡರು. ಮೇಲಿನ ಚಿಲಕವನ್ನೂ.

ಮೂಲೆಯ ಟೀ ಅಂಗಡಿಯವನು ಕೂಡ "ಏನ್ ಕೊಡ್ಲಿ ಸಾರ್? ಊರಿಗೆ ಹೊಸಬ್ರಾ?" ಎಂದ. ದಿನವೂ ಕೂರುವ ಬೆಂಚಿನ ಗೆಳೆಯರು ಸರಿದು ಜಾಗ ಕೊಟ್ಟರು, ಮಾತು ಕೊಡಲಿಲ್ಲ. ನಡುಮಧ್ಯಾಹ್ನದ ಬಿಸಿಲು ಸುರಿಯುತ್ತಿತ್ತು. ಸಾಹೇಬ ಬೆಂಚಿನಿಂದ ಎದ್ದ. ಅಂಗಡಿಯ ಕನ್ನಡಿಯಲ್ಲಿ ಇಣುಕಿ, ತನ್ನ ಮುಖ ಅಲ್ಲೇ ಇದೆಯೆಂದು ಖಾತ್ರಿ ಮಾಡಿಕೊಂಡ. ಆ ಮುಖಕ್ಕೂ ಇವನ ಗುರುತು ಅಷ್ಟಾಗಿ ಹತ್ತಿದಂತೆ ಕಾಣಲಿಲ್ಲ.

ಬೀದಿ ಬೀದಿ ಸುತ್ತಿ, ಸಂಜೆಯ ಹೊತ್ತಿಗೆ ಮನೆಗೆ ಓಡಿಬಂದ. ತನ್ನ ಕೋಣೆಗೆ ನುಗ್ಗಿದರೆ ಹಾಸಿಗೆ ಸುತ್ತಿಟ್ಟಿದೆ, ಪುಸ್ತಕಗಳಿಲ್ಲ, ನೆಲ ಒರೆಸಿದ ವಾಸನೆ. ಕಟ್ಟೆಯೊಡೆಯಿತು.

"ಅಮ್ಮಾ! ನಾನಮ್ಮಾ! ನಿನ್ನ ಮಗ! ಕತ್ತೆ ಅನ್ನು, ಕೋಣ ಅನ್ನು, ಏನಾದ್ರೂ ಅನ್ನು! ಸೀಟೂ ಬೇಡ, ಏನೂ ಬೇಡ!" ಎಂದು ಗೊಳೋ ಎಂದು ಅತ್ತ.

ಅಮ್ಮ ಓಡಿಬಂದು ತಬ್ಬಿಕೊಂಡಳು. "ಅಯ್ಯೋ ಕತ್ತೆ, ಅಳ್ಬೇಡ್ವೋ! 'ಮಗ ಇದ್ದ' ಅನ್ನೋಕೆ ನನಗೂ ಕಷ್ಟ ಆಯ್ತು. ಎಲ್ಲ ಇವಳ ಉಪಾಯ."

ತಂಗಿ ಬಾಗಿಲಲ್ಲಿ ನಿಂತಿದ್ದಳು. ನೆನ್ನೆ ಬಾಲ್ಕನಿಯ ಗುಟ್ಟು ಕೇಳಿಸಿಕೊಂಡು ಮನೆಮನೆಗೂ, ಟೀ ಅಂಗಡಿಗೂ ಹೋಗಿ ಎಲ್ಲರಿಗೂ ಪಾಠ ಹೇಳಿಕೊಟ್ಟವಳು ಅವಳೇ.

"ಸಾರಿ ಕಣಣ್ಣ. ನೀನು ಮಲಗಿದ್ದಾಗೆಲ್ಲ ನಿನ್ನ ಪುಸ್ತಕ ಅಡುಗೆಮನೇಲಿ ಓದಿದೋಳು ನಾನು. ನನಗೂ ಪರೀಕ್ಷೆ ಕಟ್ಬೇಕು ಅಂತ ಇತ್ತು. ಯಾರು ಕೇಳಿದ್ರು?"

ಥಟ್ಟನೆ ಸೀಟಿನ ನೆನಪಾಗಿ ಸಾಹೇಬ ಮೇಷ್ಟ್ರಿಗೆ ಫೋನ್ ಹಚ್ಚಿದ.

"ಸೀಟು ಕೊಟ್ಟಾಯ್ತಲ್ಲಪ್ಪ," ಎಂದರು ಮೇಷ್ಟ್ರು. "ನಿನ್ನ ತಂಗಿ ಮಧ್ಯಾಹ್ನವೇ ಫೋನ್ ಮಾಡಿದ್ಲು. ಜಾಗ ಕಳ್ಕೊಂಡ ಮನುಷ್ಯ ಹೇಗೆ ಒದ್ದಾಡ್ತಾನೆ ಅಂತ ಎಷ್ಟು ಚೆನ್ನಾಗಿ ಹೇಳಿದ್ಲು ಗೊತ್ತಾ? ಕಣ್ಣಾರೆ ನೋಡಿದ ಹಾಗಿತ್ತು!"

ಅಪ್ಪ ಗಂಟಲು ಸರಿಮಾಡಿಕೊಂಡು, "ಮಾವನಿಗೆ ನಾನೇ ಹೇಳ್ತೀನಿ ಬಿಡು," ಎಂದರು. ಪುಸ್ತಕಗಳು ತಂಗಿಯ ಮಂಚದ ಕೆಳಗೆ ಸೇರಿಯಾಗಿದ್ದವು. ಸಾಹೇಬ ಮೂಗು ಒರೆಸಿಕೊಂಡ. ಹೋಗಲಿ, ಟೈರ್ ಅಂಗಡಿಯೇ ಇರಲಿ. ಮನೆಯ ಮಗನಾಗಿಯಂತೂ ಉಳಿದೆನಲ್ಲ ಎಂದು ಎದೆ ಹಗುರವಾಯಿತು.

"ಆದ್ರೂ ಆಂಟಿ ಎಂಥಾ ನಾಟಕ ಮಾಡಿದ್ರಪ್ಪ! ಅವರಿಗೆ ಹೇಗೆ ಹೇಳ್ಕೊಟ್ಟೆ?" ಎಂದು ಕೇಳಿದ.

ತಂಗಿ ಹುಬ್ಬು ಗಂಟಿಕ್ಕಿದಳು. "ಯಾವ ಆಂಟಿ?"

"ಎದುರುಮನೆ ಆಂಟಿ. ಬೆಳಿಗ್ಗೆ ಮೆಟ್ಟಿಲಲ್ಲಿ ಸಿಕ್ಕಿದ್ರಲ್ಲ."

"ಅವರಿಗೆ ನಾನು ಹೇಳೇ ಇಲ್ಲ! ಮಗಳ ಮನೆಗೆ ಹೋಗಿದ್ರು, ಬಾಗಿಲಿಗೆ ಬೀಗ ಇತ್ತು. ಅವರು ವಾಪಸ್ ಬಂದು ರಿಸಲ್ಟ್ ಕೇಳಿ ಆಟ ಕೆಡಿಸ್ತಾರೇನೋ ಅಂತ ನಾನು ಬೆಳಿಗ್ಗೆಯಿಂದ ಹೆದರ್ತಾ ಇದ್ದೆ."

ಆಗಲೇ ಕರೆಗಂಟೆ ಹೊಡೆಯಿತು.

ಆಂಟಿ ಒಳಗೆ ಬಂದವರೇ ತಂಗಿಯನ್ನು ನೋಡಿ ಬಾಯ್ತುಂಬ ನಕ್ಕರು. "ಏನಮ್ಮ ಸಾಹೇಬ್ರೇ, ರಿಸಲ್ಟ್ ಬಂತಾ?"

"ಆಂಟಿ... ಸಾಹೇಬ ಅನ್ನೋದು ಅಣ್ಣನಿಗಲ್ವಾ?"

"ಯಾವ ಅಣ್ಣ? ಚಿಕ್ಕೋಳಿದ್ದಾಗಿಂದ ನಿನ್ನನ್ನೇ ಕರೀತಿರೋದು!" ಆಂಟಿಯ ಕಣ್ಣು ಸಾಹೇಬನ ಮೇಲೆ ಬಿತ್ತು. ಅಮ್ಮನ ಕಿವಿಯ ಹತ್ತಿರ ಬಗ್ಗಿ ದನಿ ತಗ್ಗಿಸಿದರು. "ಇವರು ಬೆಳಿಗ್ಗೆಯಿಂದ ಇಲ್ಲೇ ಸುಳಿದಾಡ್ತಿದಾರಲ್ಲ. ನಿಮಗೆ ಗೊತ್ತಿರೋರಾ?"

'ಸ್ಥಾನ ಮತ್ತು ಪಾತ್ರ' ಆ ಕ್ಷಣಕ್ಕೆ ಸಾಹೇಬನಿಗೆ ಪೂರ್ತಿ ಅರ್ಥವಾಯಿತು. ಅವನು ಅಮ್ಮನ ಮುಖ ನೋಡಿದ.

ಅಮ್ಮನೂ ಅವನ ಮುಖ ನೋಡಿದಳು. ಏನೋ ನೆನಪು ಮಾಡಿಕೊಳ್ಳುವವಳ ಹಾಗೆ ನೋಡುತ್ತಲೇ ಇದ್ದಳು.