ಅತ್ತೆ ಬಾರದಂತೆ ಒಂದು ರಿವಾಲ್ವರ್

ಇಷ್ಟೆಲ್ಲ ಆದದ್ದು ಪಕ್ಕದ ಮನೆಯವರ ಅಂಗಳದ ಒಣಗಿದ ಎಲೆಗಳನ್ನು ಊದಿ ತಳ್ಳುವ ಯಂತ್ರದಿಂದ. ಗುರುವಾರ ಅದು ಅವರ ಶೆಡ್ಡಿನಲ್ಲಿತ್ತು, ಶುಕ್ರವಾರ ಇರಲಿಲ್ಲ. ಜೊತೆಗೆ ಹಿಂದಿನ ಜಗಲಿಯ ಫ್ರಿಜ್ಜಿನಲ್ಲಿದ್ದ ಅರ್ಧ ಹಂದಿತೊಡೆಯೂ ಮಾಯವಾಗಿತ್ತು. ಕೆಂಟಕಿಯ ಬೀವರ್ ಫೋರ್ಕ್ ಎಂಬ ಆ ಸಣ್ಣ ಊರಿನಲ್ಲಿ ಸುದ್ದಿ ನಡೆಯುವುದಿಲ್ಲ, ಓಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಒಂದು ಯಂತ್ರ ಹೋದದ್ದು ಮೂರು ಮನೆಗಳ ದರೋಡೆಯಾಯಿತು. ಸಂಜೆಗೆ ಮುಸುಕು ಹಾಕಿಕೊಂಡ ಒಂದು ಗುಂಪೇ ಬೆಟ್ಟ ಇಳಿದು ಬಂದಿತ್ತಂತೆ.

ಡೆಲ್ಬರ್ಟ್ ಸ್ಟ್ಯಾಂಪರನಿಗೆ ಕಳ್ಳರ ಚಿಂತೆ ಇರಲಿಲ್ಲ. ಅವನ ಶೆಡ್ಡಿನಲ್ಲಿ ಕದಿಯುವಂಥದ್ದೇನಾದರೂ ಇದ್ದಿದ್ದರೆ ಅವನೇ ಅದನ್ನು ಮಾರಿ ಟ್ರಕ್ಕಿಗೆ ಹೊಸ ಟಯರು ಹಾಕಿಸುತ್ತಿದ್ದ. ಕಷ್ಟ ಬಂದದ್ದು ಬೇರೆ ದಿಕ್ಕಿನಿಂದ. ಕೋಳಿ ಮಾಂಸದ ಕಾರ್ಖಾನೆಯಲ್ಲಿ ಅವನನ್ನು ಸೋಮವಾರದಿಂದ ರಾತ್ರಿ ಪಾಳಿಗೆ ಹಾಕಿದ್ದರು. ಅವನನ್ನು ಒಂದು ಮಾತು ಕೇಳಿರಲಿಲ್ಲ. ಕೋಳಿಯನ್ನು ಕೇಳಿ ಮಸಾಲೆ ಅರೆಯುವ ಪದ್ಧತಿ ಆ ಕಾರ್ಖಾನೆಯಲ್ಲಂತೂ ಇಲ್ಲ.

ಶನಿವಾರ ಬೆಳಿಗ್ಗೆ, ಅವನು ಇನ್ನೂ ಕಾಫಿಗೆ ಬಾಯಿಡುವ ಮೊದಲೇ, ಅತ್ತೆ ಮ್ಯಾಕ್ಸೀನಳ ಫೋನು ಬಂತು.

"ಸೋಮವಾರದಿಂದ ರಾತ್ರಿ ಹೊತ್ತು ನನ್ನ ಮಗಳು ಒಬ್ಬಳೇ ಇರ್ತಾಳೆ. ಊರು ತುಂಬ ಕಳ್ಳರು. ಮನೇಲಿ ಒಂದು ಬಂದೂಕಿಲ್ಲ. ಕೆಂಟಕಿಯಲ್ಲಿ ಹುಟ್ಟಿದ ಗಂಡಸೇನಯ್ಯ ನೀನು?"

"ಬಾಗಿಲಿಗೆ ಎರಡೆರಡು ಚಿಲಕ ಇದೆ ಅತ್ತೆ."

"ಚಿಲಕ ಕಿತ್ಕೊಂಡು ಕಳ್ಳನ ತಲೆಗೆ ಹೊಡೀತಾಳಾ? ನೋಡು ಡೆಲ್ಬರ್ಟ್, ಇವತ್ತು ಸಂಜೆಯೊಳಗೆ ಮನೆಗೆ ಬಂದೂಕು ಬಂತೋ, ಸರಿ. ಇಲ್ಲ ಅಂದ್ರೆ ನಾಳೆ ಚರ್ಚು ಮುಗಿಸ್ಕೊಂಡು ಹಾಗೇ ನಾನೇ ಬಂದು ಇರ್ತೀನಿ."

ಡೆಲ್ಬರ್ಟನ ಕೈಯಲ್ಲಿದ್ದ ಕಾಫಿ ಅಲ್ಲೇ ತಣ್ಣಗಾಯಿತು. ಹೋದ ಸಲ ಅವನಿಗೆ ಹರ್ನಿಯಾ ಆಪರೇಶನ್ ಆದಾಗ "ಎರಡು ವಾರ ನೋಡಿಕೊಳ್ಳುತ್ತೇನೆ" ಎಂದು ಬಂದವಳು ಆಕೆ. ಅಂಗಳದ ಹುಲ್ಲು ಕತ್ತರಿಸುವ ಕಾಲದಲ್ಲಿ ಬಂದು, ಹಿಮ ಬಿದ್ದು, ಅದೆಲ್ಲ ಕರಗಿ, ಮತ್ತೆ ಹುಲ್ಲು ಕತ್ತರಿಸುವ ಕಾಲಕ್ಕೆ ಹೋದಳು. ಅಷ್ಟು ದಿನವೂ ಅವನ ಒರಗುಕುರ್ಚಿ ಆಕೆಯದು, ಟೀವಿ ಆಕೆಯದು. ಬಿಸ್ಕಿಟ್ ಎಂಬ ಆಕೆಯ ಮುದಿ ನಾಯಿ ಅವನನ್ನು ಬಿಟ್ಟು ಊರಿನಲ್ಲಿ ಬೇರೆ ಯಾರನ್ನೂ ಕಚ್ಚುತ್ತಿರಲಿಲ್ಲ. ಡೆಲ್ಬರ್ಟ್ ಎದುರಿಗೇ ಕೂತಿದ್ದರೂ ಆಕೆ ಮಗಳನ್ನು "ಅವನು ಉಂಡನಾ?" ಎಂದು ಕೇಳುತ್ತಿದ್ದಳು.

"ಅಮ್ಮ ಬಂದ್ರೆ ಏನಾಗತ್ತೆ? ಪಾಪ," ಎಂದಳು ಹೆಂಡತಿ ನೋರೀನ್.

ಡೆಲ್ಬರ್ಟ್ ಟಯರಿಗೆಂದು ಕೂಡಿಟ್ಟ ಇನ್ನೂರೈವತ್ತು ಡಾಲರನ್ನು ಜೇಬಿಗೆ ಹಾಕಿಕೊಂಡು, ಸವೆದ ಟಯರಿನ ಮೇಲೆಯೇ ಟ್ರಕ್ಕನ್ನು ಹೊರಡಿಸಿದ.

ರಾಯ್ಸನ ಅಂಗಡಿಯಲ್ಲಿ ಬಂದೂಕು ಸಿಗುತ್ತದೆ, ಮೀನಿನ ಗಾಳಕ್ಕೆ ಎರೆಹುಳು ಸಿಗುತ್ತದೆ, ಯಾರೋ ಅಡವಿಟ್ಟು ಬಿಡಿಸಿಕೊಳ್ಳದ ಮದುವೆ ಉಂಗುರಗಳೂ ಸಿಗುತ್ತವೆ. ಶನಿವಾರ ಅಲ್ಲಿ ಕೊಳ್ಳುವವರಿಗಿಂತ ಕೂರುವವರು ಹೆಚ್ಚು. ಕಾಫಿ ಪಾತ್ರೆಯ ಪಕ್ಕದ ಸ್ಟೂಲುಗಳ ಮೇಲೆ ಆ ದಿನ ಇಬ್ಬರಿದ್ದರು. ಒಬ್ಬ ಕ್ಲೋವಿಸ್, ಶೆರೀಫನ ಕೈಕೆಳಗೆ ಕೆಲಸ ಮಾಡಿ ನಿವೃತ್ತನಾದ ಮುದುಕ. ಇನ್ನೊಬ್ಬಳು ಟ್ವೈಲಾ, ಚರ್ಚಿನಲ್ಲಿ ಎಲ್ಲರಿಗಿಂತ ಜೋರಾಗಿ ಹಾಡುವ ಹೆಂಗಸು. ಅವರನ್ನು ನೋಡಿ ವಾಪಸು ಹೋಗೋಣ ಎನಿಸಿತು ಡೆಲ್ಬರ್ಟನಿಗೆ. ಆದರೆ ಬಿಸ್ಕಿಟ್ ನೆನಪಾಗಿ ಒಳಗೆ ಬಂದ.

ಗಾಜಿನ ಪೆಟ್ಟಿಗೆಯ ಮೇಲೆ ಬಗ್ಗಿ, ರಾಯ್ಸನ ಕಿವಿಯಲ್ಲಿ ಎಂಬಂತೆ ಹೇಳಿದ: "ಮನೇಲಿಡೋಕೆ ಒಂದು ಪಿಸ್ತೂಲು ಬೇಕಿತ್ತು. ಇನ್ನೂರೈವತ್ತರೊಳಗೆ."

"ಇನ್ನೂರೈವತ್ತರೊಳಗಾ?" ಎಂದು ರಾಯ್ಸ್ ಇಡೀ ಅಂಗಡಿಗೆ ಕೇಳುವಂತೆ ಕೂಗಿದ. "ಗುಂಡೂ ಸೇರಿಸಿಯಾ?"

"ಗುಂಡು ಬೇರೆ ಕೊಳ್ಬೇಕಾ?"

"ಇಲ್ಲಪ್ಪ, ಕಳ್ಳ ಬರುವಾಗ ತರ್ತಾನೆ," ಎಂದ ಕ್ಲೋವಿಸ್.

ಅಲ್ಲಿಗೆ ಶುರುವಾಯಿತು. ರಾಯ್ಸ್ ಎಲ್ಲಕ್ಕಿಂತ ಅಗ್ಗದ ಪಿಸ್ತೂಲನ್ನು ತೆಗೆದು ಮುಂದಿಟ್ಟ. ಇಟ್ಟಿಗೆಯಂತೆ ದಪ್ಪ, ಇಟ್ಟಿಗೆಯಂತೆಯೇ ಭಾರ. ಬೆಲೆ ಕೇಳಿ ಡೆಲ್ಬರ್ಟನ ಮುಖ ಅರಳಿತು. ಅದು ಪೂರ್ತಿ ಅರಳುವ ಮೊದಲೇ ಕ್ಲೋವಿಸ್ ಸ್ಟೂಲು ಬಿಟ್ಟು ಎದ್ದು ಬಂದ.

"ಅದನ್ನ ತಗೋಬೇಡ ಮಾರಾಯ. ಒಂದು ಗುಂಡು ಹಾರತ್ತೆ, ಎರಡನೇದು ಸಿಕ್ಕಾಕಿಕೊಳ್ಳತ್ತೆ. ಆಮೇಲೆ ಕಳ್ಳನಿಗೆ ಹೇಳ್ಬೇಕಾಗತ್ತೆ, ಸ್ವಲ್ಪ ಕೂತಿರಪ್ಪ, ಬಿಚ್ಚಿ ಸರಿ ಮಾಡ್ಕೊಂಡು ಬರ್ತೀನಿ ಅಂತ."

"ನನ್ನ ಸರಕನ್ನ ನನ್ನ ಅಂಗಡಿಯಲ್ಲೇ ನಿಂತು ಹೀಗಳೀತೀಯಲ್ಲೋ, ಅದೂ ನನ್ನ ಕಾಫಿ ಕುಡ್ಕೊಂಡು!" ಎಂದು ರಾಯ್ಸ್ ಸಿಡುಕಿದ.

"ನಿನ್ನ ಕಾಫಿಯನ್ನೂ ಹೀಗಳೀಬೇಕು ಅಂತಿದ್ದೆ."

ಟ್ವೈಲಾ ಇಬ್ಬರನ್ನೂ ಪಕ್ಕಕ್ಕೆ ಸರಿಸಿದಳು. "ಗಂಡಸರಿಗೆ ಏನು ಗೊತ್ತು? ಅದನ್ನ ಹಿಡಿಯೋಳು ನೋರೀನ್ ತಾನೆ? ಉಪ್ಪಿನಕಾಯಿ ಶೀಸೆ ಮುಚ್ಚಳ ತೆಗೆಯೋಕೂ ಪಕ್ಕದ ಮನೆಗೆ ಓಡ್ತಾಳೆ ಆ ಹುಡುಗಿ. ಹಾರಿಸೋ ಮೊದಲು ಈ ಪಿಸ್ತೂಲಿನ ಮೇಲ್ಭಾಗ ಹಿಂದಕ್ಕೆ ಎಳೀಬೇಕು, ಅದು ಅವಳ ಕೈಲಾಗತ್ತಾ? ಕಳ್ಳನನ್ನೇ ಕರೆದು ಎಳೆದುಕೊಡು ಅನ್ಬೇಕು. ಇಲ್ನೋಡು, ಹೀಗಿರೋದು ತಗೋ." ಎಂದವಳೇ ಚರ್ಚಿಗೆ ಒಯ್ಯುವ ತನ್ನ ಚೀಲದೊಳಗೆ ಕೈಹಾಕಿ, ಬೈಬಲ್ಲು, ಕರವಸ್ತ್ರ, ಹೆಣಿಗೆಯ ಕಡ್ಡಿಗಳನ್ನು ಒಂದೊಂದಾಗಿ ಹೊರಗಿಟ್ಟು, ಕೊನೆಗೆ ಗುಲಾಬಿ ಬಣ್ಣದ ಒಂದು ಪುಟ್ಟ ಪಿಸ್ತೂಲನ್ನು ಎತ್ತಿದಳು. ಅದರ ಬಾಯಿಗೆ ಒಂದು ಪೆಪ್ಪರ್‌ಮಿಂಟು ಕರಗಿ ಅಂಟಿಕೊಂಡಿತ್ತು.

"ಇದರ ಬೆಲೆ ಎಷ್ಟು?" ಎಂದು ಕೇಳಿದ ಡೆಲ್ಬರ್ಟ್.

ಅವಳು ಹೇಳಿದಳು. ಅಷ್ಟು ದುಡ್ಡಿದ್ದರೆ ಅವನು ಟ್ರಕ್ಕನ್ನೇ ಬದಲಾಯಿಸುತ್ತಿದ್ದ.

ಒಬ್ಬರು ದೊಡ್ಡದು ಎಂದರು, ಒಬ್ಬರು ಚಿಕ್ಕದು ಎಂದರು. ಚಿಕ್ಕದಾದಷ್ಟೂ ಹಾರಿಸುವಾಗ ಕೈಗೆ ಒದೆಯುವುದು ಜಾಸ್ತಿ, ನೋರೀನಳ ಮಣಿಕಟ್ಟು ಉಳುಕುತ್ತದೆ ಎಂದ ಕ್ಲೋವಿಸ್. ದೊಡ್ಡದಾದರೆ ಗುಂಡು ಗೋಡೆ ದಾಟಿ ಪಕ್ಕದ ಮನೆಗೆ ಹೋಗುತ್ತದೆ, ಪಾಪ, ಅವರಿಗೆ ಮೊದಲೇ ಯಂತ್ರ ಹೋಗಿದೆ ಎಂದಳು ಟ್ವೈಲಾ. ಎರೆಹುಳು ಕೊಳ್ಳಲು ಬಂದವನೊಬ್ಬ ಹುಳುವಿನ ಡಬ್ಬಿ ಹಿಡಿದುಕೊಂಡೇ, ಪಿಸ್ತೂಲೆಲ್ಲ ಯಾಕೆ, ಒಂದು ನಾಯಿ ಸಾಕು ಎಂದ. ನಾಯಿ ಎಂದ ಕೂಡಲೇ ಡೆಲ್ಬರ್ಟನ ಕಾಲಿನ ಹಳೆಯ ಗಾಯ ಚುರುಗುಟ್ಟಿತು. ಬಿಟ್ಟಿ ಸಲಹೆಗೆ ಸುಂಕವಿಲ್ಲ ನೋಡಿ. ಇದ್ದಿದ್ದರೆ ಆ ಊರಿನ ರಸ್ತೆಗಳೆಲ್ಲ ಇಷ್ಟು ಹೊತ್ತಿಗೆ ರಿಪೇರಿಯಾಗಿರುತ್ತಿದ್ದವು.

ಈ ನಡುವೆ ಫೋನು. "ಸಿಕ್ತಾ?" ಎಂದಳು ಮ್ಯಾಕ್ಸೀನ್.

"ನೋಡ್ತಾ ಇದೀನಿ ಅತ್ತೆ."

"ನಿಧಾನವಾಗಿ ನೋಡು. ನನಗೇನೂ ಅವಸರ ಇಲ್ಲ," ಎಂದಳು ಆಕೆ, ಬಹಳ ಹಿತವಾದ ದನಿಯಲ್ಲಿ. ಆ ಹಿತ ಕೇಳಿಯೇ ಅವನಿಗೆ ಬೆವರು ಬಂತು.

ಕೊನೆಗೆ ರಾಯ್ಸ್ ಒಳಕೋಣೆಯಿಂದ ಆರು ಗುಂಡಿನ ಒಂದು ಹಳೆಯ ರಿವಾಲ್ವರ್ ತಂದ. ಯಾವುದೋ ಬ್ಯಾಂಕಿನ ಕಾವಲುಗಾರನದಂತೆ. ಅವನು ಅದನ್ನು ಜೀವಮಾನದಲ್ಲಿ ಒಮ್ಮೆಯೂ ಹಾರಿಸಿರಲಿಲ್ಲವಂತೆ. ಹಿಡಿಗೆ ಕಪ್ಪು ಟೇಪು ಸುತ್ತಿತ್ತು. ಹಿಂದಕ್ಕೆ ಎಳೆಯಬೇಕಾಗಿಲ್ಲ, ಸಿಕ್ಕಿಕೊಳ್ಳುವುದಿಲ್ಲ, ಗುಂಡು ಸೇರಿಸಿದರೂ ಜೇಬಿನಲ್ಲಿ ಚಿಲ್ಲರೆ ಉಳಿಯುತ್ತದೆ. ಕ್ಲೋವಿಸ್ ಅದನ್ನು ಮೂಸಿ, ತಿರುಗಿಸಿ, ತಪ್ಪು ಹುಡುಕಲು ಬಹಳ ಪ್ರಯತ್ನಪಟ್ಟು, "ಪರವಾಗಿಲ್ಲ" ಎಂದ.

ಸಂತೋಷದಲ್ಲಿ ಡೆಲ್ಬರ್ಟ್ ರಿವಾಲ್ವರನ್ನು ಕೈಗೆ ತೆಗೆದುಕೊಂಡ. ತೆಗೆದುಕೊಂಡವನು, "ನೀವೇನಂತೀರಿ ಟ್ವೈಲಕ್ಕ?" ಎಂದು ಹಾಗೇ ತಿರುಗಿದ.

ಆ ಊರಿನಲ್ಲಿ ಹೆಂಡತಿಯನ್ನು ಬಿಟ್ಟವನನ್ನು ಕ್ಷಮಿಸುತ್ತಾರೆ, ಚರ್ಚಿನಲ್ಲಿ ಗೊರಕೆ ಹೊಡೆದವನನ್ನು ಕ್ಷಮಿಸುತ್ತಾರೆ. ಬಂದೂಕಿನ ಬಾಯನ್ನು ಮನುಷ್ಯರ ಕಡೆ ತಿರುಗಿಸಿದವನನ್ನು ಮಾತ್ರ ಕ್ಷಮಿಸುವುದಿಲ್ಲ, ಅದು ಖಾಲಿಯಿದ್ದರೂ ಸರಿಯೆ. ಟ್ವೈಲಾ ಧಡಕ್ಕನೆ ನೆಲಕ್ಕೆ ಬಿದ್ದಳು. ರಾಯ್ಸ್ ಗಾಜಿನ ಪೆಟ್ಟಿಗೆಯ ಹಿಂದೆ ಮುಳುಗಿದ. ಕ್ಲೋವಿಸನ ಕಾಫಿ ಡೆಲ್ಬರ್ಟನ ಪ್ಯಾಂಟಿನ ಮೇಲಾಯಿತು. ಹುಳುವಿನವನ ಡಬ್ಬಿ ಹಾರಿ, ಎರೆಹುಳುಗಳು ಮದುವೆ ಉಂಗುರಗಳ ಮೇಲೆ ಹರಿದಾಡತೊಡಗಿದವು.

"ಕೆಳಗೆ! ಮೂತಿ ಕೆಳಗೆ ಮಾಡೋ ಮುಟ್ಠಾಳ!" ಎಂದು ನಾಲ್ಕೂ ಕಡೆಯಿಂದ ಕೂಗು ಬಂತು. ಡೆಲ್ಬರ್ಟ್ ಹೆದರಿ ತನ್ನ ಮೂತಿಯನ್ನೂ ಕೆಳಗೆ ಮಾಡಿದ. ಆಮೇಲೆ ಎಲ್ಲರೂ ಎದ್ದು, ಬಟ್ಟೆ ಕೊಡವಿಕೊಂಡು, ಸರದಿಯ ಮೇಲೆ ಬೈದರು. ಹುಳುಗಳ ದುಡ್ಡನ್ನೂ ಅವನೇ ಕೊಟ್ಟ.

ಅಷ್ಟಕ್ಕೇ ಮುಗಿಯಲಿಲ್ಲ. ಮಾರುವ ಮೊದಲು ಸರಕಾರಕ್ಕೆ ಫೋನು ಮಾಡಿ ಗಿರಾಕಿ ಸಾಚಾ ಮನುಷ್ಯನೋ ಅಲ್ಲವೋ ಎಂದು ಕೇಳಬೇಕು. ರಾಯ್ಸ್ ಫೋನಿನಲ್ಲಿ ಬಹಳ ಹೊತ್ತು ಹೂಂಗುಟ್ಟಿ, ಕೈಯಿಂದ ಮುಚ್ಚಿಕೊಂಡು ಹೇಳಿದ: "ಸ್ವಲ್ಪ ತಡ ಆಗತ್ತಂತೆ. ಇದೇ ಹೆಸರಿನವನೊಬ್ಬ ಓಕ್ಲಹೋಮಾದಲ್ಲಿ ಬ್ಯಾಂಕು ದೋಚಿ ಜೈಲಿಂದ ಓಡಿಹೋಗಿದಾನಂತೆ."

ಆ ಊರಿನಲ್ಲಿ ಜನ ಡೆಲ್ಬರ್ಟನನ್ನು ಗೌರವದಿಂದ ನೋಡಿದ್ದು ಅದೇ ಮೊದಲು. ಕ್ಲೋವಿಸ್ ತನ್ನ ಸ್ಟೂಲನ್ನೇ ಅವನಿಗೆ ಬಿಟ್ಟುಕೊಟ್ಟ.

"ನಾನು ಓಕ್ಲಹೋಮಾ ನೋಡೇ ಇಲ್ಲ!" ಎಂದು ಡೆಲ್ಬರ್ಟ್ ಗೋಳಾಡಿದ.

"ನಡುವಿನ ಹೆಸರು ಕೇಳ್ತಿದಾರೆ. ಪೂರ್ತಿ ಹೇಳು," ಎಂದ ರಾಯ್ಸ್.

ಡೆಲ್ಬರ್ಟ್ ಅತ್ತಿತ್ತ ನೋಡಿ, ಗೋಡೆಯ ಕಡೆ ತಿರುಗಿ ಹೇಳಿದ: "ಫರ್ನ್."

"ಏನು?"

"ಫರ್ನ್! ನಮ್ಮಜ್ಜಿ ಹೆಸರು!"

ಗೌರವ ಅಲ್ಲಿಗೆ ಮುಗಿಯಿತು. ಫೋನಿನ ಆಚೆ ಕೂಡ ಯಾರೋ ನಕ್ಕಂತೆ ಕೇಳಿಸಿತು. ಫರ್ನ್ ಎಂಬ ಹೆಸರಿಟ್ಟುಕೊಂಡವನು ಬ್ಯಾಂಕು ದೋಚಲಾರ ಎಂದು ಸರಕಾರಕ್ಕೆ ಮನವರಿಕೆಯಾಗುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಅಷ್ಟರಲ್ಲಿ ಕ್ಲೋವಿಸ್, ಡೆಲ್ಬರ್ಟ್ ಕಟ್ಟಿಸಿಕೊಂಡು ಬಂದ ಸ್ಯಾಂಡ್‌ವಿಚ್ಚನ್ನು ತಿಂದು ಮುಗಿಸಿದ್ದ.

ಮನೆಗೆ ಬರುವಾಗ ಸಂಜೆಯಾಗಿತ್ತು. ಪ್ಯಾಂಟಿನ ಮೇಲೆ ಕಾಫಿ, ಷೂಸಿನ ಮೇಲೆ ಹುಳುವಿನ ಮಣ್ಣು, ಹೊಟ್ಟೆಯಲ್ಲಿ ಏನೂ ಇಲ್ಲ. ಆದರೂ ಡೆಲ್ಬರ್ಟನ ಎದೆ ಉಬ್ಬಿತ್ತು. ಅಡುಗೆಮನೆಯ ಮೇಜಿನ ಮೇಲೆ ರಿವಾಲ್ವರ್ ಇಟ್ಟು, ನಿಂತಲ್ಲೇ ಮ್ಯಾಕ್ಸೀನಳಿಗೆ ಫೋನು ಮಾಡಿದ.

"ಬಂದೂಕು ಬಂತು ಅತ್ತೆ. ನೀವೇನೂ ತೊಂದರೆ ತಗೋಬೇಡಿ. ನಿಮ್ಮ ಮನೇಲಿ ನೀವು ಆರಾಮಾಗಿರಿ."

"ಹೂಂ, ಒಳ್ಳೇದಾಯ್ತು," ಎಂದಳು ಆಕೆ. ಆ 'ಹೂಂ' ಎಷ್ಟು ಸಪ್ಪಗಿತ್ತೆಂದರೆ ಅದೊಂದನ್ನು ಕೇಳಲಿಕ್ಕೆ ಇನ್ನೂರೈವತ್ತು ಡಾಲರ್ ಕೊಡಬಹುದು ಎನಿಸಿತು ಅವನಿಗೆ.

ನೋರೀನ್ ರಿವಾಲ್ವರನ್ನು ಎರಡು ಬೆರಳಿನಲ್ಲಿ ಎತ್ತಿ, ಆಮೇಲೆ ಒಂದು ಕೈಯಲ್ಲಿ, ಆಮೇಲೆ ಎರಡೂ ಕೈಯಲ್ಲಿ ಹಿಡಿದಳು. "ನಿಜ ಹೇಳ್ಲಾ ಡೆಲ್ಬರ್ಟ್? ಇದನ್ನ ಹಿಡ್ಕೊಂಡ ಕೂಡ್ಲೇ ನಂಗೆ ಎಲ್ಲಿಲ್ಲದ ಧೈರ್ಯ ಬಂತು."

"ಖಾಲಿ ಇದೆ, ಹಿಡಿದು ಅಭ್ಯಾಸ ಮಾಡ್ಕೋ. ಗುಂಡು ಟ್ರಕ್ಕಲ್ಲೇ ಬಿಟ್ಟೆ, ತರ್ತೀನಿ," ಎಂದು ಅವನು ಹೊರಗೆ ಹೋದ.

ಟ್ರಕ್ಕಿನಲ್ಲಿ ಪೊಟ್ಟಣ ಸೀಟಿನ ಕೆಳಗೆ ಬಿದ್ದಿತ್ತು, ಹುಡುಕಲು ಕೊಂಚ ಹೊತ್ತಾಯಿತು. ಹೊರಗೆ ಕತ್ತಲು ಇಳಿದಿತ್ತು. ಸಿಳ್ಳು ಹಾಕಿಕೊಂಡು ಬಂದವನು ಮೆಟ್ಟಿಲ ಹತ್ತಿರ ಸಿಳ್ಳು ನಿಲ್ಲಿಸಿ, ಹಿಂಬಾಗಿಲನ್ನು ಭುಜದಿಂದ ತಳ್ಳಿದ. ಬಾಗಿಲು ಕಿರ್ರೆಂದಿತು.

ಟಕ್. ಟಕ್. ಟಕ್. ಟಕ್. ಟಕ್. ಟಕ್.

ನೋರೀನ್ ಒಲೆಗೆ ಬೆನ್ನು ಕೊಟ್ಟು ನಿಂತಿದ್ದಳು. ರಿವಾಲ್ವರ್ ನೇರವಾಗಿ ಅವನ ಎದೆಯ ಅಂಗಿ ಗುಂಡಿಯನ್ನು ನೋಡುತ್ತಿತ್ತು. ಅವಳ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದ್ದವು. ಆರೂ ಸಲ ಒತ್ತಿ ಮುಗಿಸಿದ ಮೇಲೆ, ಕಣ್ಣು ಮುಚ್ಚಿಕೊಂಡೇ ಅವಳು ಕೇಳಿದಳು: "ಯಾರದು?"

"ನಾನು," ಎಂದ ಡೆಲ್ಬರ್ಟ್.

"ಅಯ್ಯೋ, ನೀನಾ! ಕೂಗಿ ಬರಬಾರದಾ? ಅದಿರಲಿ, ಗುರಿ ಚೆನ್ನಾಗಿತ್ತಲ್ವಾ?"

ಡೆಲ್ಬರ್ಟ್ ಗುಂಡಿನ ಪೊಟ್ಟಣವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಕುರ್ಚಿಯ ಮೇಲೆ ಕುಸಿದ. ಸೋಮವಾರದಿಂದ ದಿನಾ ನಸುಕಿನ ಕತ್ತಲಲ್ಲಿ, ಇದೇ ಬಾಗಿಲಲ್ಲಿ, ಅವನು ಮನೆಗೆ ಬರಬೇಕು.

"ನಾನು ಬಂದಾಗ ಹೊರಗಿಂದಲೇ, ನಾನು ಡೆಲ್ಬರ್ಟ್ ಅಂತ ಕೂಗಿದ್ರೆ ಸಾಕಲ್ವಾ ನೋರೀನ್?"

ಅವಳು ಯೋಚಿಸಿದಳು. "ಹಾಗೆ ಕಳ್ಳನೂ ಕೂಗಬಹುದಲ್ಲ. ನಿನ್ನ ಹೆಸರು ಊರಿಗೆಲ್ಲ ಗೊತ್ತು. ಟ್ವೈಲಾ ಫೋನು ಮಾಡಿದ್ಲು, ಈಗ ಫರ್ನ್ ಅನ್ನೋದೂ ಗೊತ್ತಂತೆ."

"ಇದನ್ನ ವಾಪಸು ಕೊಟ್ಟುಬಿಡ್ತೀನಿ."

"ಕೊಟ್ಟುನೋಡು!" ಎಂದು ನೋರೀನ್ ರಿವಾಲ್ವರನ್ನು ಎದೆಗೆ ಅವಚಿಕೊಂಡಳು. "ಮದುವೆಯಾದ ಮೇಲೆ ನೀನು ನನಗೆ ಕೊಡಿಸಿದ ಒಂದೇ ಒಂದು ಒಳ್ಳೆ ವಸ್ತು. ರಾತ್ರಿ ದಿಂಬಿನ ಪಕ್ಕದಲ್ಲೇ ಇಟ್ಕೋತೀನಿ. ಗುಂಡು ಎಲ್ಲಿ?"

"ಸಿಕ್ಕಲಿಲ್ಲ. ನಾಳೆ ಹುಡುಕ್ತೀನಿ."

ಅವನು ಎದ್ದು ಹಜಾರಕ್ಕೆ ಹೋಗಿ, ಬಾಗಿಲು ಎಳೆದುಕೊಂಡು, ಬಹಳ ಹೊತ್ತು ಫೋನನ್ನು ನೋಡುತ್ತ ನಿಂತ. ನೋರೀನ್ ಈ ಭೂಮಿಯ ಮೇಲೆ ಯಾರ ಮಾತನ್ನಾದರೂ ಕೇಳಿ ಕೈ ಇಳಿಸುತ್ತಾಳೆ ಎಂದರೆ ಅದು ಒಬ್ಬಳ ಮಾತನ್ನು ಮಾತ್ರ. ಆ ಒಬ್ಬಳಿಗೆ ನಸುಕಿಗೇ ಎಚ್ಚರವಾಗುತ್ತದೆ, ಎಚ್ಚರವಾದ ಮೇಲೆ ಬಾಯಿ ನಿಲ್ಲುವುದಿಲ್ಲ. ಡೆಲ್ಬರ್ಟ್ ಕಣ್ಣು ಮುಚ್ಚಿಕೊಂಡು ನಂಬರು ಒತ್ತಿದ.

"ಅತ್ತೆ, ನಾನು. ನಾಳೆ ಚರ್ಚು ಮುಗಿಸ್ಕೊಂಡು ಹಾಗೇ ಬಂದ್ಬಿಡ್ತೀರಾ?"

"ಯಾಕೆ? ಬಂದೂಕು ಬಂತು ಅಂದ್ಯಲ್ಲ!"

"ಬಂತು ಅತ್ತೆ," ಎಂದ ಡೆಲ್ಬರ್ಟ್, ದನಿ ತಗ್ಗಿಸಿ. "ಅದಕ್ಕೇ ಬನ್ನಿ."