ಬೋಟು ಇಳಿಸಿದ ದಿನ

ಗಂಡನನ್ನು ಬೈಯುವುದು ಸುಲಭ ಎಂದು ತಿಳಿದವರು ಯಾರೂ ಬೇಕೆಂದೇ ಬೈದು ನೋಡಿದವರಲ್ಲ. ಸಿಟ್ಟು ಬಂದಾಗ ಬೈಯುವುದು ಸೀನು ಬಂದಾಗ ಸೀನಿದ ಹಾಗೆ, ಅದರಲ್ಲಿ ನಮ್ಮ ಹೆಚ್ಚುಗಾರಿಕೆ ಏನೂ ಇಲ್ಲ. ಆದರೆ ಸಿಟ್ಟು ಒಂದು ಚೂರೂ ಇಲ್ಲದೆ, ಒಳಗೆ ಕರುಳು ಕಿತ್ತು ಬರುತ್ತಿರುವಾಗ, ಎಂದಿನ ಹೊತ್ತಿಗೆ, ಎಂದಿನ ದನಿಯಲ್ಲಿ, ಎಂದಿನ ಕಾರಣಕ್ಕೇ ಬೈಯಬೇಕಾಗಿ ಬಂದರೆ ಆಗ ತಿಳಿಯುತ್ತದೆ ಅದೆಂಥ ಕಷ್ಟದ ಕಸುಬು ಎಂದು. ಕಳೆದ ದೀಪಾವಳಿಯಿಂದ ಬೇಸಿಗೆಯವರೆಗೆ ನಾನು ಈ ಕಸುಬು ಮಾಡಿದೆ. ಹಳದೀಪುರದ ಶಾಲೆಯೊಂದರಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ವಾರ್ಷಿಕೋತ್ಸವದ ನಾಟಕಗಳಲ್ಲಿ ಎಷ್ಟೋ ಮಕ್ಕಳಿಗೆ ಅಳುವುದನ್ನೂ ನಗುವುದನ್ನೂ ಹೇಳಿಕೊಟ್ಟಿದ್ದೇನೆ. ಆ ಮಕ್ಕಳ ಕ್ಷಮೆಯನ್ನು ಈ ಮೂಲಕ ಕೇಳುತ್ತೇನೆ. ನನಗೆ ನಟನೆ ಬರುವುದಿಲ್ಲ.

ನಾನು ಬೈಯುತ್ತಿದ್ದದ್ದು ಒಂದು ಬೋಟಿನ ಸಲುವಾಗಿ. ತದಡಿಯ ನಮ್ಮ ಮನೆಯ ಅಂಗಳದಲ್ಲಿ, ತುಳಸಿಕಟ್ಟೆಗೂ ಬಾವಿಗೂ ನಡುವೆ, ಹಳೆಯ ಕಾಲದ ಒಂದು ಸ್ಪೀಡ್ ಬೋಟು ಕೂತಿತ್ತು. ಮೀನು ಹಿಡಿಯುವ ಬೋಟಲ್ಲ. ದುಡ್ಡಿದ್ದವರು ಸುಮ್ಮನೆ ಭರ್ರೆಂದು ಸುತ್ತಾಡಲಿಕ್ಕೆ ಮಾಡಿಸಿದ್ದು. ಮುಂದಿನ ಅರ್ಧಭಾಗ ಪೂರ್ತಿ ಸಾಗವಾನಿ ಪಟ್ಟಿಗಳ ಹಾಸು, ಅದರ ಹಿಂದೆ ಕಾರಿನಂಥ ಸ್ಟೇರಿಂಗು, ಎರಡು ಸಾಲು ಸೀಟು. ಊರವರು ಅದನ್ನು ಕಾರುಬೋಟು ಅನ್ನುತ್ತಿದ್ದರು. ನಮ್ಮವರು ಇಂಜಿನ್ ಮೇಸ್ತ್ರಿ. ಮದುವೆಗೆ ಮುಂಚೆ ಹೊನ್ನಾವರದಲ್ಲಿ ಮುಂಬೈ ಸೇಠರೊಬ್ಬರ ಗೆಸ್ಟ್‌ಹೌಸಿನಲ್ಲಿ ಕೆಲಸಕ್ಕಿದ್ದು, ಬಂದ ಅತಿಥಿಗಳನ್ನು ಇದೇ ಬೋಟಿನಲ್ಲಿ ಶರಾವತಿಯ ಮೇಲೆ ಸುತ್ತಿಸುತ್ತಿದ್ದರು. ಸೇಠರು ತೀರಿಕೊಂಡು ಗೆಸ್ಟ್‌ಹೌಸು ಮಾರಿಹೋದಾಗ ಕೊಂಡವರಿಗೆ ಹಲಗೆ ಕೊಳೆತು ಲಡ್ಡು ಹಿಡಿದ ಬೋಟು ಬೇಡವಾಗಿತ್ತು. ಇವರು ಲಾರಿಯಲ್ಲಿ ಹೇರಿಕೊಂಡು ಬಂದರು. "ಮಳೆಗಾಲ ಮುಗೀಲಿ, ರಿಪೇರಿ ಮಾಡ್ತೆ," ಅಂದರು. ಆಮೇಲೆ ಎಷ್ಟೋ ಮಳೆಗಾಲ ಮುಗಿದವು. ಪ್ರತಿ ಸಲ ಅವರು ಮಾತೆತ್ತುವುದು, ನಾನು ಬೇಡವೇ ಬೇಡ ಅನ್ನುವುದು ನಡೆದೇ ಇತ್ತು. ನಮಗೆ ಮಕ್ಕಳಿಲ್ಲ. ಆ ಜಾಗವನ್ನು ಬೋಟು ತುಂಬಿತು ಎಂದು ಬರೆದರೆ ಓದುವವರ ಕಣ್ಣು ಒದ್ದೆಯಾಗುತ್ತದೆ, ಆದರೆ ಅದು ಸುಳ್ಳು. ಬೋಟನ್ನೇ ತೆಂಗಿನ ಸಿಪ್ಪೆ ತುಂಬಿತ್ತು. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂರುತ್ತಿತ್ತು, ಸಾಗವಾನಿ ಹಾಸಿನ ಮೇಲೆ ನಾನು ಮುರುಗಲು ಸಿಪ್ಪೆ ಒಣಗಿಸುತ್ತಿದ್ದೆ. ಆ ಕೆಲಸಕ್ಕೆ ಅದರಷ್ಟು ಒಳ್ಳೆಯ ಜಾಗ ಕೇರಿಯಲ್ಲಿ ಇನ್ನೊಂದು ಇರಲಿಲ್ಲ ಎಂಬುದನ್ನು ಒಪ್ಪಲೇಬೇಕು.

ದೀಪಾವಳಿಯ ಆಸುಪಾಸಿನಲ್ಲಿ ಅವರಿಗೆ ಊಟ ಸೇರದಾಯಿತು. ಕುಮಟೆಯ ಡಾಕ್ಟರು ಮಂಗಳೂರಿಗೆ ಕಳಿಸಿದರು, ಮಂಗಳೂರಿನವರು ಇದ್ದ ಯಂತ್ರಗಳಲ್ಲೆಲ್ಲ ಮಲಗಿಸಿ ತೆಗೆದರು. ಕೊನೆಗೆ ದೊಡ್ಡ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದು, ಗಂಟು ಪಿತ್ತಕೋಶ ದಾಟಿ ಎಲ್ಲ ಕಡೆ ಹಬ್ಬಿದೆ, ಕೊಯ್ದು ಪ್ರಯೋಜನವಿಲ್ಲ, ಮುಂದಿನ ಮಳೆಗಾಲ ದಾಟುವುದು ಕಷ್ಟ ಎಂದರು. "ಅವರು ಕೇಳಿದ್ದನ್ನು ಮಾಡಿಕೊಡಿ ಅಮ್ಮ," ಅಂದರು. ನಾನು ಹೊರಗೆ ಬಂದು ನಮ್ಮವರಿಗೆ ಅಲ್ಸರ್ ಅಂದೆ. ಖಾರ ಬಿಟ್ಟರೆ ಗುಣವಾಗುತ್ತದಂತೆ ಅಂದೆ. ವಾಪಸು ಬರುವಾಗ ಬಸ್ಸು ಹೊನ್ನಾವರದ ಸೇತುವೆಯ ಮೇಲಿತ್ತು. ಅವರು ಕಿಟಕಿಯಿಂದ ಹೊಳೆಯನ್ನು ನೋಡುತ್ತ, "ಈ ಸಲ ಬೋಟು ರಿಪೇರಿ ಮಾಡ್ಸೂದಾ ಅಂತ," ಅಂದರು. "ಹೂಂ, ಮಾಡ್ಸಿ," ಅಂದುಬಿಟ್ಟೆ. ಅವರು ತಿರುಗಿ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ನನಗೆ ಗಾಬರಿಯಾಯಿತು. "ಅಂಗಳ ಖಾಲಿ ಆಗ್ಲಿ ಅಂತ ಹೇಳ್ದೆ, ಮತ್ತೆ ಎಂತಕ್ಕೂ ಅಲ್ಲ," ಎಂದು ಸೇರಿಸಿದೆ. ಇಷ್ಟು ವರ್ಷ ಬೈದ ಹೆಂಗಸು ಒಮ್ಮೆಲೇ ಸುಮ್ಮನಾದರೆ ಯಾವ ಗಂಡನಿಗಾದರೂ ಸಂಶಯ ಬಂದೇ ಬರುತ್ತದೆ. ಹಾಗಾಗಿ ಮರುದಿನದಿಂದಲೇ ನನ್ನ ಬೈಗುಳದ ಡ್ಯೂಟಿ ಶುರುವಾಯಿತು.

ಬೈಯಲು ಹೊರಟಾಗ ತಿಳಿದ ಸಂಗತಿಯೆಂದರೆ, ನಮ್ಮ ಬೈಗುಳದಲ್ಲಿ ಸಾವು ಬಿಟ್ಟರೆ ಬೇರೆ ಸಾಮಾನೇ ಇಲ್ಲ. "ಆ ಬೋಟಿನ ಸಂಗಡವೇ ಸಾಯಿರಿ", "ನನ್ನ ಹೆಣ ಬಿದ್ದ ಮೇಲಾದರೂ ಬುದ್ಧಿ ಬರಲಿ", "ಜೀವ ತಿನ್ನಬೇಡಿ" ಎಂದೆಲ್ಲ ನಾನು ಬೆಳಿಗ್ಗೆ ಚಹಾದ ಜೊತೆಗೇ ಕೊಡುತ್ತಿದ್ದೆ, ಅವರು ಕುಡಿಯುತ್ತಲೇ ಕೇಳಿಕೊಳ್ಳುತ್ತಿದ್ದರು. ಈಗ ಅವುಗಳಲ್ಲಿ ಒಂದನ್ನೂ ಆಡುವ ಹಾಗಿರಲಿಲ್ಲ. ಬೇರೆ ಮಾತು ಹುಡುಕಿದೆ. "ನೀವು ಬಹಳ ಬೇಜವಾಬ್ದಾರಿ ಮನುಷ್ಯ," ಅಂದೆ. "ನಿಮ್ಮ ಈ ನಡವಳಿಕೆ ಸರಿಯಲ್ಲ," ಅಂದೆ. ಅವರು ಇಂಜಿನ್ನಿನಿಂದ ತಲೆ ಎತ್ತಿ, "ಎಂತ ಮಾರಾಯ್ತಿ, ಇತ್ತಿತ್ಲಾಗೆ ನಿನ್ನ ಬೈಗುಳಕ್ಕೆ ಉಪ್ಪೇ ಇಲ್ಲ," ಅಂದರು. "ಅಲ್ಸರಿಗೆ ಉಪ್ಪು ಆಗೂದಿಲ್ಲ," ಅಂದು ಒಳಗೆ ಓಡಿದೆ. ಇನ್ನೊಮ್ಮೆ ಯಾವುದೋ ಗೇರಿನ ಭಾಗ ಹುಡುಕಿಕೊಂಡು ಇಬ್ಬರೂ ಭಟ್ಕಳದ ಗುಜರಿ ಅಂಗಡಿಗೆ ಹೋಗಿದ್ದೆವು. ಅಂಗಡಿಯ ಸಾಹೇಬರು ನಾವು ಒಯ್ದಿದ್ದ ಹಳೆಯ ಭಾಗವನ್ನು ತಿರುವಿ ನೋಡಿ, "ಮೇಸ್ತ್ರಿ, ಇದರ ಆಯುಷ್ಯ ಮುಗಿದುಹೋಗಿದೆ. ಇನ್ನು ಎಷ್ಟು ರಿಪೇರಿ ಮಾಡಿದ್ರೂ ಅಷ್ಟೇ," ಅಂದರು. ತುಕ್ಕು ಕಬ್ಬಿಣದ ರಾಶಿಯ ನಡುವೆ ನಾನು ಗಳಗಳ ಅತ್ತುಬಿಟ್ಟೆ. ಪಾಪ, ಸಾಹೇಬರು ಹೆದರಿ ಸ್ಟೂಲು ಕೊಟ್ಟು ಚಹಾ ತರಿಸಿದರು. "ಅಮ್ಮನಿಗೆ ಬೋಟಿನ ಮೇಲೆ ಅಷ್ಟು ಪ್ರೀತಿಯಾ?" ಎಂದು ಕೇಳಿದರು. ನಮ್ಮವರು, "ಹೌದು, ಬಾಳ," ಅಂದರು.

ಕೆಲಸಕ್ಕೆ ಮಂಜು ಆಚಾರಿ ಬರುತ್ತಿದ್ದ. ಮರಗೆಲಸದಲ್ಲಿ ಗಟ್ಟಿಗ, ಆದರೆ ಬಾಯಿಗೆ ಬೀಗವಿಲ್ಲ. ಲಡ್ಡಾದ ಹಲಗೆ ಕಿತ್ತು ಹೊಸದು ಕೂರಿಸುತ್ತ, ಸಂದುಗಳಿಗೆ ಹತ್ತಿ ಹೊಡೆದು ರಾಳ ಕಾಯಿಸಿ ಹೊಯ್ಯುತ್ತ, ಊರ ಸುದ್ದಿಯೆಲ್ಲ ಹೇಳುವವನು. ನಮ್ಮವರು ಇಂಜಿನ್ನು ಬಿಚ್ಚಿ ಜೋಡಿಸಿದರು, ಮುಂದಿನ ಹಾಸನ್ನು ಉಜ್ಜುವುದನ್ನಂತೂ ಯಾರಿಗೂ ಬಿಟ್ಟುಕೊಡಲಿಲ್ಲ. ಬೋಟಿಗೆ ಬಣ್ಣ ಏರಿದ ಹಾಗೆ ಇವರ ಬಣ್ಣ ಇಳಿಯುತ್ತಿತ್ತು. ಸೊಂಟದಲ್ಲಿ ಲುಂಗಿ ನಿಲ್ಲದೆ ಮೇಲಿಂದ ದಾರ ಕಟ್ಟಿಕೊಂಡರು. ಒಬ್ಬಳೇ ತಡೆದುಕೊಳ್ಳಲಾರದೆ ನಾನು ಅವರ ಅಕ್ಕ, ಬೆಳಕೆಯ ಅತ್ತಿಗೆಗೆ ಫೋನಿನಲ್ಲಿ ಎಲ್ಲ ಹೇಳಿದೆ. ತಮ್ಮನ ಎದುರು ಬಾಯಿ ಬಿಡುವುದಿಲ್ಲ ಎಂದು ಆಣೆ ಮಾಡಿಸಿಕೊಂಡೆ. ಆದರೆ ಬೋಟಿನ ವಿಷಯ ಮಾತ್ರ ಅತ್ತಿಗೆಗೆ ಹೇಳಲಿಲ್ಲ. ಹೇಳಿದ್ದರೆ, "ಇಂಥ ಹೊತ್ತಲ್ಲಿ ಅವನ ಕೈಲಿ ಕೆಲ್ಸ ಮಾಡಿಸ್ತ್ಯನೇ?" ಎಂದು ಆ ಕ್ಷಣವೇ ಬಸ್ಸು ಹತ್ತುತ್ತಿದ್ದರು. ಹೀಗೆ ತಮ್ಮನಿಗೆ ಕಾಯಿಲೆ ಗೊತ್ತಿಲ್ಲ, ಅಕ್ಕನಿಗೆ ಬೋಟು ಗೊತ್ತಿಲ್ಲ. ಎರಡನ್ನೂ ತಲೆಯಲ್ಲಿಟ್ಟುಕೊಂಡು ನಾನು ಅಡುಗೆ ಮಾಡುತ್ತಿದ್ದೆ.

ಬೋಟು ಇಳಿಸುವ ದಿನ ಬಂತು. ಒಣಗಿ ಬಿದ್ದಿದ್ದ ಮರ ನೀರು ಕುಡಿದು ಉಬ್ಬಿದ ಮೇಲೆಯೇ ಸಂದುಗಳು ಮುಚ್ಚುವುದು, ಅಲ್ಲಿಯವರೆಗೆ ಸ್ವಲ್ಪ ನೀರು ಒಳಗೆ ಬರುತ್ತದೆ, ಎರಡು ದಿನ ಸುಮ್ಮನೆ ದಡಕ್ಕೆ ಕಟ್ಟಿಡಬೇಕು ಎಂದು ಆಚಾರಿ ಹೇಳಿದ್ದ. ಬೆಳಿಗ್ಗೆ ಮನೆಯ ಕೆಳಗಿನ ಹೊಳೆಗೆ ಭರತ ಏರುವ ಹೊತ್ತಿಗೆ ಕೇರಿಯ ಗಂಡಸರೆಲ್ಲ ಸೇರಿದರು. ಮರದ ದಿಮ್ಮಿಗಳ ಮೇಲೆ ಉರುಳಿಸಿಕೊಂಡು, ಬೊಬ್ಬೆ ಹೊಡೆಯುತ್ತ ನೀರಿಗೆ ತಳ್ಳಿದರು. ಕಾಯಿ ಒಡೆದರು. ಅದೇ ಗದ್ದಲದಲ್ಲಿ ನನ್ನ ಫೋನು ಹೊಡೆದುಕೊಂಡಿತು. ಅತ್ತಿಗೆ. "ಶಾರದೆ, ತಮ್ಮ ಹೆಂಗಿದ್ದ?" ಎಂದು ಕೇಳಿದರಂತೆ, ಬೊಬ್ಬೆಯಲ್ಲಿ ನನಗೆ ಅದು ಕೇಳಿಸಲಿಲ್ಲ.

"ಇಳ್ಸಿದ್ರು ಅತ್ತಿಗೆ! ಈಗಷ್ಟೇ ಇಳ್ಸಿದ್ರು!" ಎಂದು ಕೂಗಿದೆ.

ಆ ಕಡೆಯಿಂದ ಅತ್ತಿಗೆ, "ಯಾರೆಲ್ಲ ಇದ್ರು?" ಅಂದರು.

"ಕೇರಿಯವ್ರು ಎಲ್ಲಾ ಬಂದ್ರು."

"ನೀರು ಒಳಗೆ ಹೋತಾ?"

"ತನ್ನಷ್ಟಕ್ಕೇ ಹೋಗ್ತಾ ಅದೆ. ಇನ್ನೆರಡು ದಿನ ಹಂಗೇ ಇಡ್ಬೇಕಂತೆ."

"ಎರಡು ದಿನ ಇಡೂದು ಎಂತಕ್ಕೆ! ಆತು, ನಾವು ಈಗ್ಲೇ ಹೊರಟ್ವು," ಎಂದು ಫೋನು ಇಟ್ಟರು.

ಬೋಟು ನೋಡಲಿಕ್ಕೆ ಅತ್ತಿಗೆಗೆ ಎಷ್ಟು ಆಸೆ ಎಂದುಕೊಂಡೆ. ಕನ್ನಡ ಕಲಿಸಿದ ನನಗೆ ಆ ಹೊತ್ತಿನಲ್ಲಿ ನನ್ನ ಊರಿನ ಕನ್ನಡವೇ ಮರೆತುಹೋಗಿತ್ತು. ನಮ್ಮಲ್ಲಿ ಬೋಟನ್ನು ನೀರಿಗೆ ಬಿಡುವುದಕ್ಕೂ ಇಳಿಸುವುದು ಅನ್ನುತ್ತಾರೆ. ಪ್ರಾಣ ಹೋಗುತ್ತಿರುವವರನ್ನು ಮಂಚದಿಂದ ನೆಲದ ಚಾಪೆಗೆ ಮಲಗಿಸಿ ಬಾಯಿಗೆ ನೀರು ಬಿಡುತ್ತಾರಲ್ಲ, ಅದಕ್ಕೂ ಇಳಿಸುವುದು ಅಂತಲೇ ಅನ್ನುತ್ತಾರೆ. ಅತ್ತಿಗೆಗೆ ಬೋಟು ಗೊತ್ತಿಲ್ಲ ಎಂಬುದು ನನಗೆ ನೆನಪಾದದ್ದು ಮಧ್ಯಾಹ್ನ, ಮನೆಯ ಕಡೆಯಿಂದ ಹೆಂಗಸರ ಬೊಬ್ಬೆ ಕೇಳಿದಾಗ.

ಟೆಂಪೋ ತುಂಬ ನೆಂಟರು ಬಂದಿದ್ದರು. ಮನೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲದ್ದನ್ನು ಕಂಡು, ಆಗಲೇ ಎತ್ತಿಕೊಂಡು ಹೋದರು ಎಂದುಕೊಂಡು, ಎದೆ ಬಡಿದುಕೊಳ್ಳುತ್ತ ಹೊಳೆಯ ಕಡೆ ಓಡಿ ಬಂದರು. ಮುಂದೆ ಅತ್ತಿಗೆ, ಹಿಂದೆ ಅವರ ಗಂಡ, ಅವರ ಹಿಂದೆ ಉಳಿದವರು. ನಮ್ಮವರು ದಡಕ್ಕೆ ಕಟ್ಟಿದ್ದ ಬೋಟಿನಲ್ಲಿ ಸ್ಟೇರಿಂಗು ಹಿಡಿದು ಚಹಾ ಕುಡಿಯುತ್ತ ಕೂತಿದ್ದರು. ಅಕ್ಕನ ಅವತಾರ ಕಂಡು ಗಾಬರಿಯಿಂದ ಎದ್ದು ನಿಂತರು.

"ಎಂತ ಆತು ಅಕ್ಕ? ಯಾರು ಹೋದ್ರು?"

ಅತ್ತಿಗೆ ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ, "ನೀನೇ ಅಲ್ವನಾ ತಮ್ಮ!" ಅಂದರು.

ಯಾರೋ ಒಬ್ಬರು ಕಿಸಕ್ಕನೆ ನಕ್ಕು ತಕ್ಷಣ ಸುಮ್ಮನಾದರು. ಅತ್ತಿಗೆಗೆ ಅಳು ನಿಲ್ಲಿಸಬೇಕೋ ಮುಂದುವರಿಸಬೇಕೋ ತಿಳಿಯಲಿಲ್ಲ. "ಇಳ್ಸಿದ್ರು ಅಂದ್ಲು ಇವ್ಳು... ಡಾಕ್ಟ್ರು ಮಳೆಗಾಲದೊಳಗೆ ಅಂದಿದ್ರಲ್ಲ, ಅದಕ್ಕೆ..." ಅಂದರು. ಅಂದ ಮೇಲೆ ತಾವೇ ಬಾಯಿ ಮುಚ್ಚಿಕೊಂಡರು. ನಾಲ್ಕು ತಿಂಗಳು ನಾನು ಬಚ್ಚಿಟ್ಟದ್ದು ಇಡೀ ಕೇರಿಯ ಎದುರು, ಹಾಡುಹಗಲಿನಲ್ಲಿ ಹೊರಗೆ ಬಿತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಮ್ಮವರು ಅಕ್ಕನನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಅಷ್ಟರಲ್ಲಿ ಆಚಾರಿ, "ಮೇಸ್ತ್ರಿಯೋರೆ, ಎಡಗಡೆ ಸಂದು ಬಿಟ್ತು!" ಎಂದು ಕೂಗಿಕೊಂಡ. ನೀರು ಅವರ ಹಿಮ್ಮಡಿ ಮುಟ್ಟಿತ್ತು.

"ಅಕ್ಕ, ಆ ಚೀಲದಲ್ಲಿ ಎಂತ ಅದೆ?" ಅಂದರು ನಮ್ಮವರು.

ಚೀಲದಲ್ಲಿದ್ದದ್ದು ಹೊಸ ಬಿಳಿ ಬಟ್ಟೆ, ಹೋದವರ ಮೇಲೆ ಹೊದಿಸಲಿಕ್ಕೆ ನೆಂಟರು ತರುವಂಥದ್ದು. ಅತ್ತಿಗೆ ಚೀಲವನ್ನು ಹಿಂದೆ ಅಡಗಿಸಿಕೊಂಡರು. "ಬ್ಯಾಡ ತಮ್ಮ, ಅದು ಒಳ್ಳೇದಲ್ಲ."

"ನಂಗೇ ತಂದದ್ದು ಹೌದಾ ಅಲ್ವಾ? ನನ್ನ ಬಟ್ಟೆ, ನಾ ಎಲ್ಲಿಗೆ ಬೇಕಾರೂ ಹಾಕ್ತೆ. ಕೊಡು."

ಪರ್ರೆಂದು ಹರಿದು, ಹುರಿ ಮಾಡಿ, ಉಳಿಯ ಹಿಂಬದಿಯಿಂದ ಸಂದಿಗೆ ಹೊಡೆದರು. ನೀರು ಪೂರ್ತಿ ನಿಲ್ಲದಿದ್ದರೂ ಕಡಿಮೆಯಾಯಿತು. ಆಚಾರಿ ಎರಡು ದಿನ ಕಾಯಬೇಕು ಎಂದು ಶುರು ಮಾಡಿದ. "ಎಲ್ಲರ ಎದುರಿಗೆ ಹೇಳಿ ಆತಲ್ಲ ಮಾರಾಯ, ಇನ್ನು ಎಂತಕ್ಕೆ ಕಾಯೂದು," ಎಂದು ನಮ್ಮವರು ಇಂಜಿನ್ನು ಚಾಲೂ ಮಾಡಿದರು. ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು. ಹಿಂದಿನ ಸೀಟಿನಲ್ಲಿ ಅತ್ತಿಗೆ ಕೂತು, ಪೂಜೆಗೆ ತಂದಿದ್ದ ಚೊಂಬಿನಿಂದ ನೀರು ಮೊಗೆದು ಮೊಗೆದು ಹೊರಗೆ ಚೆಲ್ಲತೊಡಗಿದರು, ನಡುನಡುವೆ ಅಳುತ್ತಿದ್ದರು. ಬೋಟು ಮೂಗೆತ್ತಿ ಓಡಿತು. ನಾನು ಕಣ್ಣು ಮುಚ್ಚಿ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಮದುವೆಯಾದಾಗಿನಿಂದ ಆ ಮನುಷ್ಯ ಅಷ್ಟು ದೊಡ್ಡದಾಗಿ ನಕ್ಕದ್ದನ್ನು ನಾನು ಕೇಳಿರಲಿಲ್ಲ.

ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರ ಇಂಜಿನ್ನು ನಿಲ್ಲಿಸಿದರು. ನಾನು ತಲೆ ತಗ್ಗಿಸಿ, "ತಪ್ಪಾತು. ನಿಮಗೆ ಹೇಳ್ಬೇಕಿತ್ತು," ಅಂದೆ.

"ಹೇಳಿದ್ಯಲ್ಲ, ಅವತ್ತೇ ಸೇತುವೆ ಮೇಲೆ. ನೀ ಹೂಂ ಅಂದದ್ದೇ ನಂಗೆ ಗೊತ್ತಾತು."

"ಗೊತ್ತಿದ್ದೂ ಎಂತಕ್ಕೆ ಸುಮ್ನಿದ್ರಿ?"

"ಗೊತ್ತದೆ ಅಂದಿದ್ರೆ ನೀ ಹಾಸಿಗೆ ಹಾಸಿ ಮಲಗಿಸ್ತಿದ್ದೆ. ಬೋಟು ಅಂಗಳದಲ್ಲೇ ಕೂರ್ತಿತ್ತು."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇವರಿಗಾಗಿ ನಾನು ನಾಟಕ ಆಡಿದರೆ, ಇವರು ಬೋಟಿಗಾಗಿ ಆಡಿದ್ದರು. ಅಷ್ಟೂ ತಿಂಗಳಲ್ಲಿ ಮೊದಲ ಬಾರಿಗೆ ನಿಜವಾದ ಸಿಟ್ಟು. ಬಾಯಿ ತುಂಬ ಬೈದೆ, ಹಳೆಯ ಮಾತುಗಳನ್ನೆಲ್ಲ ಸೇರಿಸಿಯೇ ಬೈದೆ. ಅತ್ತಿಗೆ ಚೊಂಬು ಹಿಡಿದುಕೊಂಡೇ ಹೌಹಾರಿದರು. ನಮ್ಮವರು ತೃಪ್ತಿಯಿಂದ ಕೇಳಿಸಿಕೊಂಡು, ಆಮೇಲೆ ಮುಂದಿನ ಸಾಗವಾನಿ ಹಾಸಿನ ಮೇಲೆ ಕೈಯಾಡಿಸಿ, "ಮುಟ್ಟಿ ನೋಡು," ಅಂದರು. ಮುಟ್ಟಿದೆ. ರೇಷ್ಮೆ ಸೀರೆಯ ಹಾಗಿತ್ತು.

"ನೀ ಬಚ್ಚಲಲ್ಲಿ ನಳ ಬಿಟ್ಕಂಡು ಅಳ್ತಿದ್ಯಲ್ಲ, ಆವಾಗೆಲ್ಲ ನಾ ಇದನ್ನ ಜೋರಾಗಿ ಉಜ್ತಿದ್ದೆ. ಆಚಾರಿಗೆ ಕೇಳಿದ್ರೆ ಊರಿಗೆಲ್ಲ ಕೇಳ್ದಂಗೇ ಅಲ್ವಾ."

ಆಮೇಲೆ ಬೋಟು ತುಂಬಾ ಸಲವೇನೂ ಹೋಗಲಿಲ್ಲ. ಸ್ವಲ್ಪ ದಿನಕ್ಕೆ ಅವರಿಗೆ ಸ್ಟೇರಿಂಗು ತಿರುಗಿಸುವ ತ್ರಾಣ ಉಳಿಯಲಿಲ್ಲ, ಮಳೆ ಹಿಡಿಯುವ ಮೊದಲೇ ಹೋದರು. ಆ ಬೆಳಿಗ್ಗೆ ನಾನು ಫೋನು ಮಾಡಿ ಇಳಿಸಿದರು ಎಂದಾಗ ಬೆಳಕೆಯ ಅತ್ತಿಗೆ, "ಯಾರನ್ನ?" ಎಂದು ಕೇಳಿದರು. ಬೋಟು ಈಗ ದಡದ ಶೆಡ್ಡಿನಲ್ಲಿದೆ. ನೋಡಲು ಬಂದವರೆಲ್ಲ ಮುಂದಿನ ಹಾಸಿನ ಮೇಲೆ ಕೈಯಾಡಿಸಿ ಇಂಥ ನುಣುಪು ಎಲ್ಲೂ ಕಂಡಿಲ್ಲ ಅನ್ನುತ್ತಾರೆ. ನಾನು ಹೂಂಗುಟ್ಟುತ್ತೇನೆ. ಆ ಹಾಸನ್ನು ಅಷ್ಟು ಉಜ್ಜುವುದು ಬೇಕಿರಲಿಲ್ಲ, ಅರ್ಧದಷ್ಟು ಸಾಕಿತ್ತು ಎಂದು ಆಚಾರಿ ಮೊನ್ನೆ ಹೇಳಿದ. ನಾನು ಸ್ವಲ್ಪ ಕಡಿಮೆ ಅತ್ತಿದ್ದರೆ ಬೋಟು ಒಂದು ತಿಂಗಳು ಮೊದಲೇ ಇಳಿಯುತ್ತಿತ್ತು, ಆ ತಿಂಗಳು ಅವರು ಓಡಿಸಬಹುದಿತ್ತು.